ದುಬೈ, ಸ್ಟುಟ್‌ಗಾರ್ಟ್, ಸಿಂಗಾಪುರ: ಮೂರರಾಗ ಯಾವ ಊರು ಹಿಡೀಬೇಕ್ರಿ?

ಗೋಕುಲ ರೋಡ್ (ಪ್ರಶ್ನೆ)

ಎಲ್ಲಾರಿಗೂ ನಮಸ್ಕಾರ್ರಿ. ಮೂರು ಊರಿಂದ ಆಫರ್ ಬಂದಾವ, ಹತ್ತು ದಿನದಾಗ ಉತ್ತರ ಕೊಡಬೇಕು. ಯಾವುದು ಹಿಡೀಬೇಕು ಅನ್ನೂದು ತಿಳೀವಲ್ದು.

ವಯಸ್ಸು 31, ವಿಟಿಯು ಬಿ.ಇ. ಮೆಕ್ಯಾನಿಕಲ್. ಹುಬ್ಬಳ್ಳಿಯೊಳಗ ಇಂಡಸ್ಟ್ರಿಯಲ್ ವಾಲ್ವ್ ಡಿಸೈನ್ ಮತ್ತ ಕ್ವಾಲಿಟಿ ಕೆಲಸ, ಎಂಟು ವರ್ಷದ ಅನುಭವ. ಎಪಿಐ 6ಡಿ ಬಾಲ್ ವಾಲ್ವ್, ಎಪಿಐ 598 ಟೆಸ್ಟಿಂಗ್, ಸಾಲಿಡ್‌ವರ್ಕ್ಸ್ ಬರ್ತದ. ಹೆಂಡ್ತಿ ಬಿ.ಎಸ್ಸಿ. ನರ್ಸಿಂಗ್, ಆಸ್ಪತ್ರಿಯೊಳಗ ಸ್ಟಾಫ್ ನರ್ಸ್. ಮಗಳಿಗೆ 4 ವರ್ಷ. ಅಪ್ಪ-ಅವ್ವ ಗದಗ ಹತ್ರ ಊರಾಗ, ಆರು ಎಕರೆ ಹೊಲ. ಹುಬ್ಬಳ್ಳಿ ಮನಿ ಮ್ಯಾಲೆ 22 ಲಕ್ಷ ಸಾಲ ಉಳದೈತಿ.

ದುಬೈ, ಜೆಬೆಲ್ ಅಲಿ ಫ್ರೀ ಝೋನ್: ತಿಂಗಳಿಗೆ 17,000 ದಿರ್ಹಮ್, ಎಲ್ಲಾ ಸೇರಿ.
ಸ್ಟುಟ್‌ಗಾರ್ಟ್: ವರ್ಷಕ್ಕ 58,000 ಯೂರೋ.
ಸಿಂಗಾಪುರ, ಜುರಾಂಗ್: ತಿಂಗಳಿಗೆ 6,800 ಸಿಂಗಾಪುರ ಡಾಲರ್.

ರೂಪಾಯಿ ಲೆಕ್ಕದಾಗ ಮೂರೂ ನಾಲ್ಕರಿಂದ ಐದು ಲಕ್ಷದ ನಡುವ ಬರ್ತಾವ. ದುಬೈದಾಗ ಟ್ಯಾಕ್ಸ್ ಇಲ್ಲ, ಅದನ್ನ ಹಿಡಿ ಅಂತ ಎಲ್ಲಾರೂ ಹೇಳ್ತಾರ. ತಿಳದವರು ಲೆಕ್ಕ ಸಮೇತ ಹೇಳ್ರಿ.

ಸಾಧನಕೇರಿ

ಮೊದಲ ಸಿಂಗಾಪುರದ ಮಾತು ಮುಗಸೂಣು, ಯಾಕಂದ್ರ ಅದು ಕಾಗದದ ಮ್ಯಾಲೇನ ನಿಲ್ಲೂದಿಲ್ಲ. ಎಂಪ್ಲಾಯ್‌ಮೆಂಟ್ ಪಾಸ್ (ಇಪಿ) ಅನ್ನೂ ಕೆಲಸದ ಪರವಾನಗಿಗೆ 2025ರ ಜನವರಿಯಿಂದ ಕನಿಷ್ಠ ಪಗಾರ 5,600 ಡಾಲರ್ ಅಂತ ಎಲ್ಲಾ ಕಡೆ ಓದ್ತೀರಿ. ಆದ್ರ ಆ ಅಂಕಿ ಆಗಷ್ಟ ಕಾಲೇಜು ಮುಗಿಸಿದ ಹುಡುಗರಿಗೆ. ವಯಸ್ಸು ಏರಿದಂಗ ಅದೂ ಏರ್ತದ, 45 ದಾಟಿದವರಿಗೆ 10,700 ಆಗ್ತದ. 31ಕ್ಕ ಲೆಕ್ಕ ಹಾಕಿದ್ರ ಸುಮಾರು 7,450. ನಿಮ್ಮ 6,800 ಅದರ ಕೆಳಗ ಬೀಳ್ತದ. ಅದನ್ನ ದಾಟಿದ್ರೂ ಕಾಂಪಾಸ್ ಅನ್ನೂ ಪದ್ಧತಿಯೊಳಗ 40 ಅಂಕ ಆಗಬೇಕು.

ಹಂಗಾದ್ರ ಕಂಪನಿಯವರು ಎಸ್ ಪಾಸ್, ಅಂದ್ರ ಇಪಿಗಿಂತ ಕೆಳಗಿನ ದರ್ಜೆಯ ಪರವಾನಗಿ, ಮನಸಿನ್ಯಾಗ ಇಟ್ಕೊಂಡಿರಬಹುದು. ಎಸ್ ಪಾಸ್‌ಗೆ ಕೋಟಾ ಅದ, ಕಂಪನಿ ತಿಂಗಳಾ ಲೆವಿ ಕಟ್ಟಬೇಕು, ಖರ್ಚು ಕಡಿಮಿ ಮಾಡೂ ಹೊತ್ತು ಬಂದ್ರ ಮೊದಲ ಹೋಗೂದು ಅದ ಹುದ್ದೆ. ಎಚ್‌ಆರ್‌ಗೆ ಒಂದ ಸಾಲು ಬರೀರಿ: "ಯಾವ ಪಾಸ್? ಇಪಿ ಆದ್ರ ಸೆಲ್ಫ್ ಅಸೆಸ್‌ಮೆಂಟ್ ಟೂಲ್‌ದಾಗ ಬಂದ ಫಲಿತಾಂಶ ಕಳಸ್ರಿ." ಇನ್ನೊಂದು, ಡಿಪೆಂಡೆಂಟ್ ಪಾಸ್ ಮ್ಯಾಲೆ ಬಂದ ಹೆಂಡ್ತಿ ಅಲ್ಲಿ ಕೆಲಸ ಮಾಡಬೇಕಂದ್ರ ಅವರದ ಬ್ಯಾರೆ ವರ್ಕ್ ಪಾಸ್ ಬೇಕು. ನಿಮ್ಮ ಕೆಲಸ ಹೋದ್ರ ಪಾಸ್ ರದ್ದಾದ ಮ್ಯಾಲೆ ಸಿಗೂದು 30 ದಿನ ಅಷ್ಟ. ಪಗಾರ 7,500ರ ಮ್ಯಾಲೆ ಹೋದ್ರ ಆಗ ವಿಚಾರ ಮಾಡ್ರಿ, ಈಗ ಬ್ಯಾಡ.

ಇನ್ನ ದುಬೈ. "ಎಲ್ಲಾ ಸೇರಿ 17,000" ಅನ್ನೂದು ಅರ್ಧ ಮಾತು. ಬೇಸಿಕ್ ಎಷ್ಟು ಅಂತ ಕೇಳ್ರಿ. ಕೆಲಸ ಬಿಡೂವಾಗ ಬರೂ ಗ್ರಾಚ್ಯುಟಿ ಬೇಸಿಕ್ ಮ್ಯಾಲೆ ಅದ: ಮೊದಲ ಐದು ವರ್ಷ, ವರ್ಷಕ್ಕ 21 ದಿನದ ಬೇಸಿಕ್, ಆಮ್ಯಾಲೆ 30 ದಿನದ್ದು. ಬೇಸಿಕ್ 60 ಪರ್ಸೆಂಟ್ ಇದ್ರ (10,200) ವರ್ಷಕ್ಕ 7,140 ದಿರ್ಹಮ್ ಕೂಡ್ತದ. 40 ಪರ್ಸೆಂಟ್ ಇದ್ರ (6,800) 4,760. ಐದು ವರ್ಷಕ್ಕ ಸುಮಾರು 12,000 ದಿರ್ಹಮ್ ಫರಕ. ನೌಕರಿ ಹೋದಾಗ ಬರೂ ವಿಮೆ ಹಣಾನೂ ಬೇಸಿಕ್‌ನ 60 ಪರ್ಸೆಂಟ್, ಮೂರು ತಿಂಗಳ ಮಟ. ಅದಕ್ಕ ಹನ್ನೆರಡು ತಿಂಗಳು ಬಿಡದಂಗ ಕಂತು ಕಟ್ಟಿರಬೇಕು. ಬೇಸಿಕ್ 16,000ದ ಒಳಗ ಇದ್ದವರಿಗೆ ತಿಂಗಳಿಗೆ 5 ದಿರ್ಹಮ್, ಅಷ್ಟ. ಅದನ್ನ ಮರೀಬ್ಯಾಡ್ರಿ.

ಬಾಡಗಿ ವಿಷಯದಾಗ ಹೊಸಬರು ಮುಗ್ಗರಿಸೂದು ಮೊದಲ ತಿಂಗಳ. ಅಲ್ಲಿ ಬಾಡಗಿ ವರ್ಷದ್ದು, ಚೆಕ್‌ನ್ಯಾಗ. ಎರಡು ರೂಮಿನ ಮನಿ ವರ್ಷಕ್ಕ 70,000 ಅಂತ ಹಿಡದು ನಾಲ್ಕು ಚೆಕ್ಕಿಗೆ ಒಪ್ಪಿದ್ರು ಅಂದ್ಕೊಳ್ರಿ: ಮೊದಲ ಚೆಕ್ 17,500, ಡಿಪಾಸಿಟ್ 5 ಪರ್ಸೆಂಟ್ ಅಂದ್ರ 3,500, ಏಜೆಂಟ್‌ಗೆ ಮತ್ತ 5 ಪರ್ಸೆಂಟ್, ಲೈಟು-ನೀರು ಕೊಡೂ ದೇವಾ ಅನ್ನೂ ಸರಕಾರಿ ಸಂಸ್ಥೆಗೆ ಡಿಪಾಸಿಟ್ 2,000, ಇಜಾರಿ ಅನ್ನೂ ಬಾಡಗಿ ಕರಾರಿನ ನೋಂದಣಿ ಖರ್ಚು. ಚಾವಿ ಕೈಗೆ ಬರೂದ್ರಾಗ 26,000 ದಾಟ್ತದ. ಮೊದಲ ಪಗಾರ ಅದಕ್ಕ ಸಾಲೂದಿಲ್ಲ. ಕಂಪನಿ ಅಡ್ವಾನ್ಸ್ ಕೊಡ್ತದೇನು ಅಂತ ಆಫರ್ ಒಪ್ಪೂ ಮುಂಚೇನ ಕೇಳ್ರಿ, ಆಮ್ಯಾಲೆ ಕೇಳಿದ್ರ ಯಾರೂ ಕೊಡೂದಿಲ್ಲ. ಇದರ ಜೋಡಿ ವರ್ಷದ ಬಾಡಗಿಯ 5 ಪರ್ಸೆಂಟ್ ಹೌಸಿಂಗ್ ಫೀ ತಿಂಗಳಾ ದೇವಾ ಬಿಲ್ಲಿನ್ಯಾಗ ಬರ್ತದ, ಈ ಮನಿಗೆ ಸುಮಾರು 292.

ಶಾರ್ಜಾದಾಗ ಮನಿ ಸೋವಿ ಅಂತ ಹೇಳೂವರು ಸಿಗ್ತಾರ. ಖರೆ, ಆದ್ರ ನಿಮ್ಮ ಕೆಲಸ ಜೆಬೆಲ್ ಅಲಿ. ಅದು ದುಬೈದ ಆ ತುದಿ, ಶಾರ್ಜಾ ಈ ತುದಿ. ಮುಂಜಾನೆ-ಸಂಜಿ ಟ್ರಾಫಿಕ್‌ನ್ಯಾಗ ದಿನಾ ಮೂರು ತಾಸು ಹೋಗ್ತದ. ಡಿಸ್ಕವರಿ ಗಾರ್ಡನ್ಸ್ ಕಡೆ ನೋಡ್ರಿ, ಕಾರ್ಖಾನೀಗೂ ಹತ್ರ, ಮೆಟ್ರೋ ರೆಡ್ ಲೈನೂ ಅದ.

ಆಫರ್ ಲೆಟರ್‌ದಾಗ ಇನ್ನ ನಾಕು ಜಾಗ ನೋಡ್ರಿ. ಪ್ರೊಬೇಶನ್ ಆರು ತಿಂಗಳಕ್ಕಿಂತ ಹೆಚ್ಚು ಇರೂ ಹಂಗಿಲ್ಲ. ವೀಸಾ, ಮೆಡಿಕಲ್, ಎಮಿರೇಟ್ಸ್ ಐಡಿ ಖರ್ಚು ಕಂಪನೀದು, 2021ರ 33ನೇ ಕಾಯ್ದೆಯೊಳಗ ಸ್ಪಷ್ಟ ಅದ. ಜೆಬೆಲ್ ಅಲಿ ಫ್ರೀ ಝೋನ್‌ಗೂ ಅದ ಕಾಯ್ದೆ. ಪಾಸ್‌ಪೋರ್ಟ್ ಕಂಪನಿ ಇಟ್ಕೊಳ್ಳೂ ಹಂಗಿಲ್ಲ. ಆಮ್ಯಾಲೆ ಆರೋಗ್ಯ ವಿಮೆ: ನಿಮ್ಮದು ಕಂಪನಿ ಕೊಡಲೇಬೇಕು, ಆದ್ರ ಹೆಂಡ್ತಿ-ಮಗಳದ್ದು ಅವರನ್ನ ಕರಕೊಂಡು ಬಂದವನ ಜವಾಬ್ದಾರಿ. ಆಫರ್‌ದಾಗ "ಫ್ಯಾಮಿಲಿ" ಅನ್ನೂ ಶಬ್ದ ಇಲ್ಲಾಂದ್ರ ಆ ಖರ್ಚು ನಿಮ್ಮದ.

ಉಣಕಲ್ ಕೆರಿ

ಸ್ಟುಟ್‌ಗಾರ್ಟ್ ಬಗ್ಗೆ ನಾನು ಬರೀತೀನಿ, ಯಾಕಂದ್ರೆ 58,000 ನೋಡಿ ಜನ ಹೆದರೋದು ಟ್ಯಾಕ್ಸ್‌ಗೆ, ಆದರೆ ಅದರೊಳಗೆ ಏನೇನು ಬಂತು ಅನ್ನೋದನ್ನು ಯಾರೂ ಬಿಡಿಸಿ ನೋಡೋದಿಲ್ಲ.

ತಿಂಗಳಿಗೆ 4,833 ಯೂರೋ. ಪಿಂಚಣಿಗೆ 9.3, ನಿರುದ್ಯೋಗ ವಿಮೆಗೆ 1.3, ಆರೋಗ್ಯ ವಿಮೆಗೆ ಸುಮಾರು ಎಂಟೂವರೆ, ಆರೈಕೆ ವಿಮೆಗೆ ಒಂದು ಮಗು ಇದ್ದವರಿಗೆ 1.8 ಪರ್ಸೆಂಟ್. ಒಟ್ಟು ಸಾವಿರದ ಆಸುಪಾಸು. 2025ರ ದರದಲ್ಲಿ ಆದಾಯ ತೆರಿಗೆ, ಒಬ್ಬರೇ ಇದ್ದರೆ 760ರಷ್ಟು, ಕೈಗೆ 3,050. ಹೆಂಡತಿ ಜೊತೆಗಿದ್ದು ಅವರಿಗೆ ಸಂಬಳ ಇಲ್ಲದಿದ್ದರೆ ತೆರಿಗೆ ವರ್ಗ 3, ಆಗ ತೆರಿಗೆ 390ರಷ್ಟು. ಕೈಗೆ 3,400ರ ಮೇಲೆ. ಮಗಳಿಗೆ ಕಿಂಡರ್‌ಗೆಲ್ಡ್, ಅಂದರೆ ಸರ್ಕಾರದ ಮಕ್ಕಳ ಭತ್ಯೆ, 2025ರ ದರದಲ್ಲಿ 255 ಬೇರೆ. ಆರೋಗ್ಯ ವಿಮೆಯಲ್ಲಿ ದುಡಿಯದ ಹೆಂಡತಿ, ಮಗಳು ಇಬ್ಬರೂ ಹೆಚ್ಚಿನ ದುಡ್ಡಿಲ್ಲದೆ ಸೇರ್ತಾರೆ. ಮಗಳಿಗೆ ಆರು ತುಂಬಿದಾಗ ಸರ್ಕಾರಿ ಶಾಲೆ, ಫೀ ಇಲ್ಲ.

ಈಗ ಎರಡೂ ಊರಿನ ಅಂದಾಜು ಎದುರುಬದರು ಇಡ್ರಿ. ಸ್ಟುಟ್‌ಗಾರ್ಟ್‌ನಲ್ಲಿ ಬರೋದು 3,680. ಹೀಟಿಂಗ್ ಸೇರಿ ಬಾಡಿಗೆ 1,500, ಕಿಟಾಕ್ಕೆ (ಶಿಶುವಿಹಾರ) 250, ರೇಷನ್ 600, ಕರೆಂಟು, ಇಂಟರ್‌ನೆಟ್, ಪ್ರತಿ ಮನೆಗೂ ಕಡ್ಡಾಯವಾದ 18.36ರ ಪ್ರಸಾರ ಶುಲ್ಕ, ಇಬ್ಬರ ಓಡಾಟ ಸೇರಿ 300: ಉಳಿಯೋದು ಸಾವಿರ ಯೂರೋ ಹತ್ತಿರ, ಅಂದರೆ ಒಂದು ಲಕ್ಷ. ದುಬೈಯಲ್ಲಿ ಬರೋದು 17,000. ಬಾಡಿಗೆ ಮತ್ತು ಹೌಸಿಂಗ್ ಫೀ 6,100, ಶಾಲೆ-ಬಸ್ಸು 1,500, ಕರೆಂಟು-ನೀರು-ಫೋನು 1,100, ರೇಷನ್ 2,000, ಓಡಾಟ 1,000, ವಿಮೆ ನಿಮ್ಮ ತಲೆಮೇಲೆ ಬಂದರೆ ಅದೂ. ಉಳಿಯೋದು 5,000 ದಿರ್ಹಮ್, ಒಂದು ಲಕ್ಷ ಹದಿನೈದು-ಇಪ್ಪತ್ತು ಸಾವಿರ. ತೆರಿಗೆ ಇಲ್ಲದ ಊರಿಗೂ ತೆರಿಗೆ ಇರೋ ಊರಿಗೂ ನಿಮ್ಮ ವಿಷಯದಲ್ಲಿ ವ್ಯತ್ಯಾಸ ಇಷ್ಟೇ. ಹಾಗಾಗಿ ಸಂಬಳದ ಮೇಲೆ ಊರು ಆರಿಸಬೇಡಿ. ನಿಮ್ಮ ಮನೆಯವರ ವೃತ್ತಿ ಎಲ್ಲಿ ಉಳಿಯುತ್ತೆ, ಕೆಲಸ ಹೋದರೆ ಎಷ್ಟು ದಿನ ನಿಲ್ಲಬಹುದು, ಇವೆರಡರ ಮೇಲೆ ಆರಿಸಿ.

ಪರವಾನಗಿ: ನಿಮಗೆ ಬ್ಲೂ ಕಾರ್ಡ್ ಸಿಗುತ್ತೆ. ಅದಕ್ಕೆ ಬೇಕಾದ ಕನಿಷ್ಠ ವಾರ್ಷಿಕ ಸಂಬಳ 2025ರಲ್ಲಿ 48,300 ಇತ್ತು, ಪ್ರತಿ ಜನವರಿಗೆ ಏರುತ್ತೆ. 58,000 ಆರಾಮಾಗಿ ದಾಟುತ್ತೆ. ಬ್ಲೂ ಕಾರ್ಡ್‌ನವರ ಹೆಂಡತಿಗೆ ವೀಸಾಕ್ಕೆ ಜರ್ಮನ್ ಪರೀಕ್ಷೆ ಬೇಕಿಲ್ಲ, ಬಂದ ದಿನದಿಂದ ಕೆಲಸದ ಹಕ್ಕು ಇದೆ. ನೀವು ಬಿ1 (ಮಧ್ಯಮ) ಮಟ್ಟದ ಜರ್ಮನ್ ಕಲಿತರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ, ಎ1 (ಆರಂಭದ) ಮಟ್ಟದಲ್ಲೇ ನಿಂತರೆ 27. ಹನ್ನೆರಡು ತಿಂಗಳು ದುಡಿದ ಮೇಲೆ ಕೆಲಸ ಹೋದರೆ ಕೈಗೆ ಬರ್ತಿದ್ದ ಸಂಬಳದ 67 ಪರ್ಸೆಂಟ್, ಆರು ತಿಂಗಳು. ಎರಡು ವರ್ಷ ತುಂಬೋ ಮುಂಚೆ ಕೆಲಸ ಹೋದರೆ ಬೇರೆ ಕೆಲಸ ಹುಡುಕೋಕೆ ಮೂರು ತಿಂಗಳು ಅಂತ ಲೆಕ್ಕ ಇಟ್ಟುಕೊಳ್ಳಿ, ವಿದೇಶಿಯರ ಕಚೇರಿಗೆ ತಕ್ಷಣ ತಿಳಿಸಲೇಬೇಕು.

ಒಂದು ಎಚ್ಚರಿಕೆ, ಊರಿನ ಬಗ್ಗೆಯೇ. ಸ್ಟುಟ್‌ಗಾರ್ಟ್ ಅಂದರೆ ಬಾಷ್, ಮರ್ಸಿಡಿಸ್, ಪೋರ್ಷೆ, ಅಂದರೆ ವಾಹನ. ಆ ಉದ್ಯಮ ಈಗ ಜನರನ್ನು ಕಡಿಮೆ ಮಾಡ್ತಿದೆ. ನಿಮ್ಮ ವಾಲ್ವ್‌ಗೆ ಗಿರಾಕಿ ರಾಸಾಯನಿಕ ಕಾರ್ಖಾನೆ, ವಿದ್ಯುತ್, ನೀರು. ಆ ಕೆಲಸ ಇರೋದು ರೈನ್ ನದಿ ಕಡೆ: ಲುಡ್ವಿಗ್ಸ್‌ಹಾಫೆನ್‌ನಲ್ಲಿ ಬಿಎಎಸ್‌ಎಫ್, ಪಕ್ಕದ ಫ್ರಾಂಕೆನ್ಥಾಲ್‌ನಲ್ಲಿ ಪಂಪು-ವಾಲ್ವ್ ಮಾಡೋ ಕೆಎಸ್‌ಬಿ. ಸ್ಟುಟ್‌ಗಾರ್ಟ್‌ನಿಂದ ಮಾನ್‌ಹೈಮ್‌ಗೆ ವೇಗದ ರೈಲಿನಲ್ಲಿ ಮುಕ್ಕಾಲು ತಾಸು. ಎರಡನೇ ಕೆಲಸ ಆ ಕಡೆ ಸಿಗಬಹುದು ಅಂತ ಈಗಲೇ ಗೊತ್ತಿರಲಿ.

ಮನೆ: ಜಾಹೀರಾತಿನಲ್ಲಿ ಕಾಲ್ಟ್‌ಮೀಟೆ ಅಂದರೆ ಬರೀ ಬಾಡಿಗೆ, ವಾರ್ಮ್‌ಮೀಟೆ ಅಂದರೆ ಹೀಟಿಂಗ್ ಮತ್ತಿತರ ಖರ್ಚು ಸೇರಿ. ಕರೆಂಟು ಸಾಮಾನ್ಯವಾಗಿ ಎರಡರಲ್ಲೂ ಇರೋದಿಲ್ಲ. ಡಿಪಾಸಿಟ್ ಮೂರು ಕಾಲ್ಟ್‌ಮೀಟೆವರೆಗೆ. ಮೂರು ಕಂತಿನಲ್ಲಿ ಕೊಡೋ ಹಕ್ಕು ಬಾಡಿಗೆದಾರರಿಗಿದೆ. ಬಹಳ ಮನೆಗಳಲ್ಲಿ ಅಡುಗೆಮನೆ ಅಂದರೆ ಗೋಡೆಯಿಂದ ಎರಡು ನೀರಿನ ಪೈಪು, ಒಂದು ದಪ್ಪ ವೈರು, ಅಷ್ಟೇ. ಸಿಂಕು, ಒಲೆ, ಕಪಾಟು ನೀವೇ ತರಬೇಕು, ಬಿಡುವಾಗ ಕಿತ್ತುಕೊಂಡು ಹೋಗಬೇಕು. ಮೊದಲ ಮನೆ "ಐನ್‌ಬೌಕ್ಯುಖೆ" ಇರೋದನ್ನೇ ಹುಡುಕಿ, ಅಂದರೆ ಅಡುಗೆಮನೆ ಜೋಡಿಸಿರೋದು.

ಮೊದಲ ಮೂರು ತಿಂಗಳಿಗೆ ತಾತ್ಕಾಲಿಕ ಮನೆ ಹಿಡಿಯುವಾಗ ಮಾಲೀಕರಿಗೆ ಒಂದೇ ಪ್ರಶ್ನೆ: "ಈ ವಿಳಾಸದಲ್ಲಿ ಅನ್‌ಮೆಲ್ಡುಂಗ್ ಆಗುತ್ತಾ?" ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಮಾಲೀಕರ ಸಹಿ ಇರೋ ಪತ್ರ ಬೇಕು. ನೋಂದಣಿ ಆಗದಿದ್ದರೆ ತೆರಿಗೆ ನಂಬರ್ ಅಂಚೆಯಲ್ಲಿ ಬರೋದಿಲ್ಲ, ಅದಿಲ್ಲದೆ ಎಳೆದಾಡಿದರೆ ಕಂಪನಿ ವರ್ಗ 6ರಲ್ಲಿ ತೆರಿಗೆ ಹಿಡಿಯುತ್ತೆ, ಅದು ಎಲ್ಲಕ್ಕಿಂತ ಜಾಸ್ತಿ. ವರ್ಷದ ಕೊನೆಗೆ ವಾಪಸ್ ಬಂದರೂ ಮೊದಲ ತಿಂಗಳುಗಳಲ್ಲಿ ಕೈ ಕಟ್ಟಿದಂತಾಗುತ್ತೆ. ಹಾಗೇ ವರ್ಗ 3 ಸಿಗೋದು ಹೆಂಡತಿಯ ನೋಂದಣಿಯೂ ಅಲ್ಲಿ ಆದ ಮೇಲೆ. ಅವರು ಆರು ತಿಂಗಳು ತಡವಾಗಿ ಬಂದರೆ ಅಲ್ಲಿವರೆಗೆ ತಿಂಗಳಿಗೆ 370 ಯೂರೋ ಕಡಿಮೆ ಅಂತಲೇ ಲೆಕ್ಕ ಹಾಕಿ.

ಗೋಕುಲ ರೋಡ್

ಇಬ್ಬರಿಗೂ ಭಾಳ ಉಪಕಾರ ಆತ್ರಿ. ದುಬೈದವರಿಗೆ ಕೇಳಿದೆ, ಬೇಸಿಕ್ 40 ಪರ್ಸೆಂಟ್, ಫ್ಯಾಮಿಲಿ ವಿಮೆ ಇಲ್ಲ ಅಂದ್ರು. ಸಿಂಗಾಪುರದವರು ಎಸ್ ಪಾಸ್ ಅಂತ ಒಪ್ಕೊಂಡ್ರು, ಅದನ್ನ ಬಿಟ್ಟೆ. ಈಗ ಎರಡು ಪ್ರಶ್ನೆ. ನರ್ಸಿಂಗ್ ಎರಡೂ ಕಡೆ ಹೆಂಗ ಮುಂದುವರೀತದ? ಮತ್ತ ನನ್ನ ಕಾಗದದಾಗ ಹೆಸರು ಒಂದೊಂದರಾಗ ಒಂದೊಂದು ನಮೂನಿ ಅದ, ತೊಂದ್ರಿ ಆಗ್ತದೇನು?

ವೀರನಾರಾಯಣ ಓಣಿ, ಗದಗ

ತಮ್ಮಾ, ತೊಂದರೆ ಆಗೂದು ಅಲ್ಲೇ. ನಮ್ಮ ಕಡೆ ಕಾಗದಗಳ ದೊಡ್ಡ ರೋಗ ಅದು, ಅದಕ್ಕ ಮೊದಲು ಅದನ್ನೇ ಹೇಳತೀನಿ.

ಒಂದು ಉದಾಹರಣೆ ತಗೋ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್: "ಬಸವರಾಜ ಎಸ್. ಅಂಗಡಿ". ಪದವಿ ಪತ್ರ: "ಬಸವರಾಜ ಅಂಗಡಿ". ಆಧಾರ್: "ಬಸವರಾಜ ಶಿವಪ್ಪ ಅಂಗಡಿ". ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗ ಖಾಲಿ, ಮೂರೂ ಶಬ್ದ ಕೊಟ್ಟ ಹೆಸರಿನ ಸಾಲಿನಲ್ಲಿ. ಇಂಗ್ಲಿಷಿನಲ್ಲಿ ಬಸವರಾಜದ ಕೊನೆಯ 'ಎ' ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಹುಬ್ಬಳ್ಳಿಯಲ್ಲಿ ಇವೆಲ್ಲ ಒಬ್ಬನೇ ಮನುಷ್ಯ ಅಂತ ನೋಡಿದ ಕೂಡಲೇ ಗೊತ್ತಾಗತದ. ಹೊರಗಿನ ಕಚೇರಿಯ ಗುಮಾಸ್ತನಿಗೆ ಇವು ನಾಲ್ಕು ಮಂದಿ.

ಸರಿಪಡಿಸುವ ಕ್ರಮ ಹೀಗೆ. ಎಸ್ಸೆಸ್ಸೆಲ್ಸಿ ಮತ್ತು ಪದವಿ ಪತ್ರ ಮುಟ್ಟಬೇಡ, ಅವನ್ನು ತಿದ್ದಿಸಲು ತಿಂಗಳುಗಟ್ಟಲೆ ಬೇಕು. ಪಾಸ್‌ಪೋರ್ಟ್ ಅನ್ನು ಅವಕ್ಕೆ ಹೊಂದಿಸು: ಅಡ್ಡಹೆಸರಿನ ಜಾಗದಲ್ಲಿ ಅಂಗಡಿ, ಉಳಿದದ್ದು ಕೊಟ್ಟ ಹೆಸರಿನಲ್ಲಿ. ಮೊದಲು ಆಧಾರ್ ತಿದ್ದಿಸಿ, ಆಮೇಲೆ ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮರುವಿತರಣೆಗೆ ಅರ್ಜಿ ಹಾಕು. ಅಲ್ಲಿಗೂ ಮಿಕ್ಕ ವ್ಯತ್ಯಾಸಕ್ಕೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್. ಆದರೆ ಅಫಿಡವಿಟ್ ಒಂದನ್ನೇ ನಂಬಿ ಹೊರಡಬೇಡ, ಕೆಲವು ಕಚೇರಿ ಅದನ್ನು ಒಪ್ಪೂದಿಲ್ಲ.

ಮದುವೆ ಪತ್ರ: ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆ ನಡೆಯೂದಿಲ್ಲ. ಉಪನೋಂದಣಾಧಿಕಾರಿ ಕಚೇರಿಯ ನೋಂದಣಿ ಬೇಕು. ಅದರಲ್ಲಿ ಇಬ್ಬರ ಹೆಸರೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಅಕ್ಷರಕ್ಕೆ ಅಕ್ಷರ ಬರಲಿ. ಸಹಿ ಮಾಡುವ ಮುಂಚೆ ಪರದೆ ಮೇಲೆ ಓದಿ ನೋಡು. ಜರ್ಮನಿಯ ತೆರಿಗೆ ವರ್ಗ 3 ನಿಂತಿರೂದೂ ಈ ಒಂದು ಹಾಳೆಯ ಮೇಲೆ. ಮಗಳ ಜನನ ಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದೆಯೋ ನೋಡು. ಆಸ್ಪತ್ರೆಯಿಂದ ಮಾಹಿತಿ ಹೋದಾಗ ನಾಮಕರಣ ಆಗಿರೂದಿಲ್ಲ, ಬಹಳ ಪತ್ರಗಳು ಹಾಗೇ ಉಳಿದಿರತಾವ. ಹೆಸರು ಸೇರಿಸಿ ಹೊಸ ಪ್ರತಿ ತೆಗೆಸು.

ದುಬೈಗೆ ದೃಢೀಕರಣದ ಸರಪಳಿ: ರಾಜ್ಯದ ಸಂಬಂಧಪಟ್ಟ ಇಲಾಖೆ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆ. ಪದವಿ, ಮದುವೆ, ಜನನ ಮೂರಕ್ಕೂ. ಒಂದು ಮೆಟ್ಟಿಲು ಬಿಟ್ಟು ಮುಂದಿನದು ಆಗೂದಿಲ್ಲ. ಪದವಿ ಪತ್ರ ಲ್ಯಾಮಿನೇಶನ್ ಮಾಡಿಸಿದ್ದರೆ ಮುದ್ರೆ ಒತ್ತಲಿಕ್ಕೇ ಬರೂದಿಲ್ಲ. ಬಿಡಿಸಲು ಹೋಗಿ ಹರಿಯಬೇಡ, ವಿಶ್ವವಿದ್ಯಾಲಯದಿಂದ ಎರಡನೇ ಪ್ರತಿ ತಗೋ. ಜರ್ಮನಿಗೆ ದಾರಿ ಬೇರೆ. ಅನಬಿನ್ ಎಂಬ ಅವರ ದಾಖಲೆಯಲ್ಲಿ ನಿನ್ನ ವಿಶ್ವವಿದ್ಯಾಲಯದ ಮುಂದೆ ಎಚ್ ಪ್ಲಸ್ ಎಂಬ ಮಾನ್ಯತೆಯ ಗುರುತು ಇದೆಯೇ, ನಿನ್ನ ಪದವಿ ಅಲ್ಲಿ ಹೊಂದುತದೆಯೇ ನೋಡಿ ಆ ಪುಟ ಪ್ರಿಂಟ್ ತೆಗಿ. ಹುಡುಕಬೇಕಾದದ್ದು ಕಾಲೇಜಿನ ಹೆಸರಲ್ಲ, ಪದವಿ ಪತ್ರ ಕೊಟ್ಟ ವಿಶ್ವವಿದ್ಯಾಲಯದ ಹೆಸರು. ಸಿಗದಿದ್ದರೆ ಝಡ್‌ಎಬಿ ಎಂಬ ಕಚೇರಿಯಿಂದ ಹೋಲಿಕೆ ಪತ್ರ, 208 ಯೂರೋ. ಕಂಪನಿಗೆ ಆತುರವಿದ್ದರೆ ಅವರೇ 411 ಯೂರೋ ಕಟ್ಟಿ ತ್ವರಿತ ಪ್ರಕ್ರಿಯೆ ಶುರು ಮಾಡಬಹುದು, ಕೇಳಲು ಸಂಕೋಚ ಬೇಡ.

ಅಕ್ಕಮಹಾದೇವಿ ವಾರ್ಡ್

ನರ್ಸಿಂಗ್ ಬಗ್ಗೆ ನಾ ಹೇಳ್ತೀನಿ.

ದುಬೈ: ಅಲ್ಲಿನ ಆರೋಗ್ಯ ಪ್ರಾಧಿಕಾರದ (ಡಿಎಚ್‌ಎ) ಲೈಸೆನ್ಸ್. ಮೊದಲು ಡೇಟಾಫ್ಲೋ ಅನ್ನೋ ಸಂಸ್ಥೆಯ ಪರಿಶೀಲನೆ, ಅವರು ವಿಶ್ವವಿದ್ಯಾಲಯ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್, ಕೆಲಸ ಮಾಡಿದ ಆಸ್ಪತ್ರೆ ಮೂರಕ್ಕೂ ನೇರವಾಗಿ ಬರೆದು ಕೇಳ್ತಾರೆ. ಆಸ್ಪತ್ರೆಯವರು ಉತ್ತರ ಕೊಡದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತೆ, ಬಹಳ ಅರ್ಜಿ ನಿಲ್ಲೋದೇ ಹಾಗೆ. ಅದಕ್ಕೆ ಹೊರಡೋ ಮುಂಚೆ ಆಸ್ಪತ್ರೆಯ ಎಚ್‌ಆರ್‌ಗೆ ತಿಳಿಸಿ, ಚಾಲೂ ಇರೋ ಇಮೇಲ್ ವಿಳಾಸ ತಗೊಳ್ಳಿ. ಆಮೇಲೆ ಲೈಸೆನ್ಸಿನ ಪರೀಕ್ಷೆ (ಪ್ರೋಮೆಟ್ರಿಕ್ ಅಂತಾರೆ), ಇಂಗ್ಲಿಷಿನಲ್ಲೇ. ಇಲ್ಲಿಂದಲೇ ಇಷ್ಟು ಮುಗಿಸಬಹುದು. ಕೆಲಸ ಬಿಟ್ಟು ಎರಡು ವರ್ಷದ ಮೇಲಾದರೆ ತೊಡಕು, ಗ್ಯಾಪ್ ಬಿಡಬೇಡಿ.

ಜರ್ಮನಿ: ನರ್ಸ್‌ಗಳ ಕೊರತೆ ಇದೆ, ಕೆಲಸ ಖಂಡಿತ ಇದೆ. ಆದರೆ ವೀಸಾಕ್ಕೆ ಭಾಷೆ ಬೇಡ ಅಂತ ಮೇಲೆ ಬರೆದದ್ದನ್ನು ಓದಿ ಸಮಾಧಾನ ಆಗಬೇಡಿ. ನರ್ಸ್ ಅಂತ ಕೆಲಸ ಮಾಡೋಕೆ ಬಿ2 ಮಟ್ಟದ ಜರ್ಮನ್ ಬೇಕು. ಪದವಿಯ ಮಾನ್ಯತೆಗೆ ಸ್ಟುಟ್‌ಗಾರ್ಟ್‌ನ ರಾಜ್ಯ ಆಡಳಿತ ಕಚೇರಿಗೆ ಅರ್ಜಿ, ಅವರು ಕೊರತೆಗಳ ಪತ್ರ ಕೊಡ್ತಾರೆ, ಅದನ್ನು ತುಂಬೋಕೆ ಹೊಂದಾಣಿಕೆ ತರಬೇತಿ ಅಥವಾ ಜ್ಞಾನ ಪರೀಕ್ಷೆ. ಅಲ್ಲಿವರೆಗೆ ಸಹಾಯಕಿಯಾಗಿ ಕೆಲಸ ಮಾಡಬಹುದು. ಸೊನ್ನೆಯಿಂದ ಬಿ2ಗೆ ದಿನಾ ಕೂತು ಓದಿದರೂ ಒಂದು ವರ್ಷ ಹಿಡೀರಿ, ಮಾನ್ಯತೆ ಸೇರಿ ಒಂದೂವರೆಯಿಂದ ಎರಡು. ನರ್ಸಿಂಗ್ ಸಿಲಬಸ್‌ನ ತಾಸುಗಳ ವಿವರ ಇರೋ ಟ್ರಾನ್ಸ್‌ಕ್ರಿಪ್ಟ್ ಈಗಲೇ ತೆಗೆಸಿ: ಥಿಯರಿ ಎಷ್ಟು ತಾಸು, ವಾರ್ಡ್‌ನಲ್ಲಿ ಎಷ್ಟು ತಾಸು, ವಿಭಾಗವಾರು. ಕೊರತೆಗಳ ಪತ್ರ ಉದ್ದ ಆಗೋದು, ಗಿಡ್ಡ ಆಗೋದು ಅದರ ಮೇಲೆ.

ಪಾಪ ನಿಮ್ಮ ಮನೆಯವರ ಅಭಿಪ್ರಾಯ ಕೇಳಿದ್ರೋ ಇಲ್ಲೋ? ಇಬ್ಬರಲ್ಲಿ ಹೆಚ್ಚು ಓದು ಬೀಳೋದು ಅವರಿಗೆ.

ರಾಣೆಬೆನ್ನೂರು ಫಿಟ್ಟರ್

ನಡುವ ಬಂದೆ, ಕ್ಷಮಿಸ್ರಿ. ಐಟಿಐ ಫಿಟ್ಟರ್, ದುಬೈಗೆ ಏಜೆಂಟ್ ಒಬ್ಬರು 1,20,000 ಕೇಳಾಕತ್ತಾರ. ಮೊದಲ ವಿಸಿಟ್ ವೀಸಾ ಮ್ಯಾಲೆ ಹೋಗೂದು, ಅಲ್ಲಿ ಬದಲಿ ಮಾಡೂದು ಅಂತಾರ. ಸರಿ ಏನ್ರಿ?

ಸಾಧನಕೇರಿ

ಸರಿ ಅಲ್ಲ ತಮ್ಮಾ, ಕೊಡಬ್ಯಾಡ. ನೋಂದಾಯಿತ ಏಜೆಂಟ್ ತಗೊಳ್ಳಬಹುದಾದ ಸೇವಾ ಶುಲ್ಕ 30,000 ಮತ್ತ 18 ಪರ್ಸೆಂಟ್ ಜಿಎಸ್‌ಟಿ, ಅಂದ್ರ 35,400. ಅದೂ ರಸೀದಿ ಕೊಟ್ಟು. ಸರಕಾರದ ಇ-ಮೈಗ್ರೇಟ್ ತಾಣದಾಗ ಅವರ ಲೈಸೆನ್ಸ್ ನಂಬರ್ ಹಾಕಿ ನೋಡು, ಹೆಸರಿನ ಮುಂದ ಚಾಲೂ ಅಂತ ಇರಬೇಕು. ವಿಸಿಟ್ ವೀಸಾ ಮ್ಯಾಲೆ ಅಲ್ಲಿ ಕೆಲಸ ಮಾಡೂದು ಕಾನೂನುಬಾಹಿರ. ಪಗಾರ ಕೊಡದಿದ್ರ ದೂರು ಹೇಳಾಕ ನಿನ್ನ ಹೆಸರಿನ ಕರಾರ ಇರೂದಿಲ್ಲ. ಪಾಸ್‌ಪೋರ್ಟ್ ಮಾಡಸೂವಾಗ ಎಸ್ಸೆಸ್ಸೆಲ್ಸಿ ಪಾಸಾದ ಮಾರ್ಕ್ಸ್ ಕಾರ್ಡ್ ಕೊಟ್ಟಿಲ್ಲಾಂದ್ರ ಇಸಿಆರ್ (ವಲಸೆಗೆ ಸರಕಾರದ ಅನುಮತಿ ಬೇಕು) ಅಂತ ಮುದ್ರೆ ಬಿದ್ದಿರ್ತದ, ಅದನ್ನೂ ನೋಡ್ಕೋ. ಇಸಿಆರ್ ಇದ್ರ ಪ್ರವಾಸಿ ಭಾರತೀಯ ಬಿಮಾ ಕಡ್ಡಾಯ, ಎರಡು ವರ್ಷಕ್ಕ 275 ರೂಪಾಯಿ, 10 ಲಕ್ಷದ ರಕ್ಷಣೆ.

ನವನಗರ ಲೆಕ್ಕಪತ್ರ

ಹೊಲ, ಸಾಲ, ತೆರಿಗೆ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಇಷ್ಟು.

ಹೊರಡುವ ದಿನಾಂಕ ಸುಮ್ಮನೆ ಆರಿಸಬೇಡಿ. ಕೆಲಸಕ್ಕೆಂದು ಹೊರಗೆ ಹೋಗುವ ಭಾರತೀಯರು ಆ ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿದ್ದರೆ ನಿವಾಸಿ, ಹೊರಗಿನ ಸಂಬಳಕ್ಕೂ ಇಲ್ಲಿ ತೆರಿಗೆಯ ಲೆಕ್ಕ ಕೊಡಬೇಕು. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 28ಕ್ಕೆ 181 ದಿನ ಆಗುತ್ತದೆ. ಅಷ್ಟರೊಳಗೆ ವಿಮಾನ ಹತ್ತಬೇಕು. ದೀಪಾವಳಿಗೆ ಬಂದು ಉಳಿದ ದಿನಗಳೂ ಎಣಿಕೆಗೆ ಸೇರುತ್ತವೆ ಎಂಬುದು ನೆನಪಿರಲಿ. ದುಬೈ ಆದರೆ ಇದು ಬಹಳ ಮುಖ್ಯ, ಅಲ್ಲಿ ಕಟ್ಟಿದ ತೆರಿಗೆ ತೋರಿಸಿ ಇಲ್ಲಿ ಕಳೆಯಲು ಏನೂ ಇರುವುದಿಲ್ಲ.

ಉಳಿತಾಯ ಖಾತೆಯನ್ನು ಎನ್‌ಆರ್‌ಒ ಎಂಬ ಅನಿವಾಸಿಗಳ ಖಾತೆಗೆ ಬದಲಿಸಬೇಕು. ಮನೆ ಸಾಲದ ಇಎಂಐ ಆ ಖಾತೆಯಿಂದಲೇ ಹೋಗುತ್ತಿದ್ದರೆ, ಬದಲಿಸುವಾಗ ಖಾತೆ ನಂಬರ್ ಬದಲಾಗುತ್ತದೆಯೇ ಎಂದು ಶಾಖೆಯಲ್ಲಿ ಮೊದಲು ಕೇಳಿ. ಬದಲಾದರೆ ಹೊಸ ಮ್ಯಾಂಡೇಟ್ ಕೊಡದಿದ್ದರೆ ಕಂತು ತಪ್ಪುತ್ತದೆ. ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ, ಅದರ ಬಡ್ಡಿಗೆ ತೆರಿಗೆ ಇಲ್ಲ.

ಹೊಲ: ಇರುವ ಆರು ಎಕರೆ ಇಟ್ಟುಕೊಳ್ಳಬಹುದು, ವಾರಸಾ ಬಂದರೂ ತೊಂದರೆಯಿಲ್ಲ. ಹೊಸದಾಗಿ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಕರ್ನಾಟಕದಲ್ಲಿ 2020ರ ತಿದ್ದುಪಡಿಯಿಂದ ಯಾರು ಬೇಕಾದರೂ ಹೊಲ ಕೊಳ್ಳಬಹುದು ಎನ್ನುವವರು ಇರುತ್ತಾರೆ, ಆದರೆ ಅನಿವಾಸಿಗೆ ಅಡ್ಡ ಬರುವುದು ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ (ಫೆಮಾ). ಮುಖತ್ಯಾರ ಪತ್ರವನ್ನು ತಂದೆಯವರ ಹೆಸರಿಗೆ ಇಲ್ಲೇ ನೋಂದಣಿ ಮಾಡಿಸಿ ಹೋಗಿ. ಅಲ್ಲಿಂದ ಮಾಡಿಸುವುದಾದರೆ ಭಾರತೀಯ ಕಾನ್ಸುಲೇಟ್‌ಗೆ ಹೋಗಬೇಕು, ಸ್ಟುಟ್‌ಗಾರ್ಟ್‌ನವರಿಗೆ ಅದು ಮ್ಯೂನಿಕ್. ಕಾಗದ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಸಾಲ, ಬೆಳೆ ವಿಮೆ, ಪಹಣಿ, ಬ್ಯಾಂಕು ಎಂದು ಅಧಿಕಾರಗಳನ್ನು ಬಿಡಿಬಿಡಿಯಾಗಿ ಬರೆಸಿ. "ಎಲ್ಲಾ ಅಧಿಕಾರ" ಎಂದು ಒಂದೇ ಸಾಲು ಬರೆದರೆ ಬ್ಯಾಂಕಿನವರು ವಾಪಸ್ ಕಳಿಸುತ್ತಾರೆ.

ಗೋಕುಲ ರೋಡ್

ಅಕ್ಕಾರ, ಮನಿಯವರನ್ನ ಕೂಡಿಸ್ಕೊಂಡು ಇಡೀ ಚರ್ಚೆ ಓದಿಸಿದೆ. ಎರಡು ವರ್ಷ ಓದಾಕ ತಯಾರ ಇದ್ದೀನಿ, ಆದ್ರ ಮೊದಲ ದಿನದಿಂದ ಜೋಡೀನ ಬರ್ತೀನಿ ಅಂದ್ರು. ಸ್ಟುಟ್‌ಗಾರ್ಟ್‌ದವರಿಗೆ ಹೂಂ ಅನ್ನೂ ಮುಂಚೆ ಏನೇನು ಬರಿಸ್ಕೊಬೇಕ್ರಿ? ಅಪ್ಪ-ಅವ್ವನ್ನ ಮುಂದ ಕರಕೊಂಡು ಹೋಗಾಕ ಬರ್ತದೇನು?

ಉಣಕಲ್ ಕೆರಿ

ಬರಿಸಿಕೊಳ್ಳಬೇಕಾದ್ದು: 58,000 ಹನ್ನೆರಡು ಸಂಬಳವೋ ಹದಿಮೂರೋ (ಹದಿಮೂರಾದರೆ ತಿಂಗಳಿಗೆ 4,461, ಬಾಡಿಗೆಗೆ ಮನೆ ತೋರಿಸುವಾಗ ಇದೇ ಅಂಕಿ ನೋಡ್ತಾರೆ), ಮೂವರ ವಿಮಾನದ ಖರ್ಚು, ಮೊದಲ ಮೂರು ತಿಂಗಳ ಮನೆ ಕಂಪನಿಯದೋ ನಿಮ್ಮದೋ, ಮನೆಯವರಿಗೂ ಭಾಷಾ ಕೋರ್ಸ್ ಕೊಡ್ತಾರಾ, ರಜೆ ಎಷ್ಟು. ಕಾನೂನಿನ ಕನಿಷ್ಠ 20 ದಿನ, 28-30 ಕೇಳೋದು ಅಲ್ಲಿ ಸಹಜ. ಪ್ರೊಬೇಶನ್ ಆರು ತಿಂಗಳಲ್ಲಿ ಎರಡು ವಾರದ ನೋಟಿಸ್‌ಗೆ ತೆಗೆಯಬಹುದು, ಆದ್ದರಿಂದ ಆರು ತಿಂಗಳು ಹುಬ್ಬಳ್ಳಿ ಮನೆ ಮಾರೋ ಮಾತು ಬೇಡ. ಮೂವರ ವೀಸಾ ಅರ್ಜಿ ಒಟ್ಟಿಗೇ ಹಾಕಿ, ಬೆಂಗಳೂರಿಗೆ ಒಂದೇ ಸಲ ಹೋಗಿ ಬರಬಹುದು.

ತಂದೆ-ತಾಯಿ: 2024ರ ಮಾರ್ಚ್ 1ರ ನಂತರ ಪರವಾನಗಿ ಪಡೆದ ನುರಿತ ಕೆಲಸಗಾರರು ಕರೆಸಿಕೊಳ್ಳಬಹುದು ಅಂತ ಕಾನೂನಿದೆ. ಆದರೆ ಅವರಿಗೆ ಪೂರ್ತಿ ಆರೋಗ್ಯ ವಿಮೆ ತೋರಿಸಬೇಕು. ಆ ವಯಸ್ಸಿನಲ್ಲಿ ಹೊಸದಾಗಿ ಬಂದವರಿಗೆ ಕೈಗೆಟುಕುವ ದರದಲ್ಲಿ ಸಿಗೋದು ಬಹಳ ಕಷ್ಟ. ಭೇಟಿ ವೀಸಾದಲ್ಲಿ 90 ದಿನ ಬಂದು ಹೋಗಬಹುದು, ಅದನ್ನೇ ನಂಬಿಕೊಂಡು ಯೋಜನೆ ಮಾಡಿ. ಗದಗಿನಲ್ಲಿ ಅವರನ್ನು ನೋಡಿಕೊಳ್ಳೋ ವ್ಯವಸ್ಥೆ ಆಗದಿದ್ದರೆ, ಅದೊಂದೇ ಕಾರಣಕ್ಕೆ ದುಬೈ ಮತ್ತೆ ಮೇಲೆ ಬರುತ್ತೆ. ಅಲ್ಲಿಂದ ಬೆಂಗಳೂರಿಗೆ ನಾಲ್ಕು ತಾಸು, ಜರ್ಮನಿಯಿಂದ ನೇರ ವಿಮಾನ ಹಿಡಿದರೂ ಒಂಬತ್ತು-ಹತ್ತು. ಹುಬ್ಬಳ್ಳಿಗೆ ನೇರ ವಿದೇಶಿ ವಿಮಾನ ಇಲ್ಲದ್ದರಿಂದ ಬೆಂಗಳೂರಿಂದ ಗದಗ ತಲುಪೋ ಹೊತ್ತನ್ನೂ ಅದಕ್ಕೆ ಕೂಡಿಸಿ.

ಅಕ್ಕಮಹಾದೇವಿ ವಾರ್ಡ್

ಪೆಟ್ಟಿಗೆ ಕಟ್ಟೋ ಮುಂಚೆ ಒಂದು ಮಾತು. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ಯುರೋಪಿನೊಳಗೆ ಒಯ್ಯೋ ಹಾಗಿಲ್ಲ, ಅಂದರೆ ಧಾರವಾಡ ಪೇಢೆ, ತುಪ್ಪ ಎರಡೂ ವಿಮಾನ ನಿಲ್ದಾಣದಲ್ಲೇ ಹೋಗುತ್ತೆ. ಜೋಳದ ಹಿಟ್ಟು, ಬ್ಯಾಡಗಿ ಮೆಣಸಿನಪುಡಿ, ಶೇಂಗಾ ಚಟ್ನಿಪುಡಿ ಒಯ್ಯಬಹುದು. ದುಬೈಗೆ ಹೋಗೋರು ಯಾರಾದರೂ ಇದನ್ನು ಓದ್ತಿದ್ದರೆ: ಗಸಗಸೆ ಒಂದು ಚಮಚದಷ್ಟೂ ಬೇಡ, ಅಲ್ಲಿ ಅದು ನಿಷೇಧಿತ ವಸ್ತು, ಜೈಲಿನವರೆಗೂ ಹೋಗುತ್ತೆ. ಮನೆಯಲ್ಲಿ ಕುಟ್ಟಿದ ಮಸಾಲೆಪುಡಿಯಲ್ಲಿ ಗಸಗಸೆ ಹಾಕಿದ್ದಾರಾ ಅಂತ ಅವ್ವನ್ನ ಕೇಳಿಯೇ ಪೊಟ್ಟಣ ಇಡಿ.